ಓಟಿ ಬಿಡುವ ಮುಂಚಿನ ಹತ್ತು ನಿಮಿಷ: ನನ್ನ ಅನುಭವ

ಕೇಸ್ ಕೆಟ್ಟ ಮೇಲೆ ಟೀಮ್ ಸೇರಿಸಿ ಮಾತಾಡಿಸಿದರೆ ಜಗಳ ಹುಟ್ಟುತ್ತದೆ ಅಷ್ಟೇ ಅಂತ ಮಂಡ್ಯದಲ್ಲಿ ಹೇಳದವರಿಲ್ಲ. ಎರಡು ಟೇಬಲ್‌ನ ನಮ್ಮ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಕೇಸ್ ಕೆಟ್ಟ ದಿನವೇ ಎಲ್ಲರೂ ಹೊರಡುವ ಮುಂಚೆ ಹತ್ತು ನಿಮಿಷ ಸೇರಿ ಮಾತಾಡುವುದು ಶುರುವಾಗಿ ಎರಡು ವರ್ಷದ ಮೇಲಾಯಿತು, ನಡೆಯುತ್ತಲೇ ಇದೆ.

ಮಾರನೇ ದಿನದ ಮೀಟಿಂಗ್ ಇಲ್ಲಿ ಆಗದ ಮಾತು. ಅಷ್ಟೊತ್ತಿಗೆ ಅನಸ್ತೀಷಿಯಾ ಡಾಕ್ಟರು ಮದ್ದೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಇನ್ನೊಂದು ಕೇಸಿನಲ್ಲಿರುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದು ಬರೀ ಕೈಮುಗಿದ ಚಿತ್ರಗಳು. ಹೆಸರಿಲ್ಲದ ಚೀಟಿ ಡಬ್ಬವೂ ಇಟ್ಟಾಯಿತು. ಹತ್ತೇ ಜನರಿರುವ ಕಡೆ ಕೈಬರಹ ಯಾರಿಗೆ ಗೊತ್ತಾಗಲ್ಲ?

ಕೊನೆಗೆ ಉಳಿದ ಕ್ರಮ ಇದು. ಪೇಷಂಟ್ ರಿಕವರಿಯಲ್ಲಿ ಸ್ಟೇಬಲ್ ಆದಮೇಲೆ ಒಬ್ಬ ಸಿಸ್ಟರ್ ಅಲ್ಲೇ ಇರುತ್ತಾರೆ, ಉಳಿದವರು ಸ್ಕ್ರಬ್ ಸಿಂಕ್ (ಆಪರೇಷನ್‌ಗೆ ಮುಂಚೆ ಕೈತೊಳೆಯುವ ಜಾಗ) ಪಕ್ಕ ನಿಂತುಕೊಂಡೇ ಮಾತಾಡುತ್ತಾರೆ. ಮೊದಲು ವಾರ್ಡ್ ಬಾಯ್, ಆಮೇಲೆ ಸಿಸ್ಟರ್‌ಗಳು, ಅನಸ್ತೀಷಿಯಾದವರು, ಕೊನೆಗೆ ಸರ್ಜನ್. ಸರ್ಜನ್ ಮೊದಲು ಬಾಯಿಬಿಟ್ಟರೆ ಮಿಕ್ಕವರದೆಲ್ಲ "ಹೌದು ಸಾರ್". "ಯಾಕೆ" ಅಂತ ಕೇಳುವಂತಿಲ್ಲ. ಎಷ್ಟು ಗಂಟೆಗೆ ಏನಾಯಿತು ಅನ್ನೋದಷ್ಟೇ ಬೋರ್ಡಿಗೆ. ಸರ್ಜನ್ ಸುಮ್ಮನಿರುವಂತೆ ಮಾಡುವ ಉಪಾಯ ಒಂದಿದೆ, ಬರೆಯಲಾರೆ, ನಮ್ಮವರೇ ಓದಿಬಿಡುತ್ತಾರೆ.

ಸಿಸೇರಿಯನ್ ಆದಮೇಲಿನ ಬ್ಲೀಡಿಂಗ್ ಕೇಸೊಂದರ ಬೋರ್ಡು: ರಕ್ತ ಕೇಳಿದ್ದು 11:10, ಬಂದದ್ದು 12:25. ಎಲ್ಲರ ಬೈಗುಳ ಬ್ಲಡ್ ಬ್ಯಾಂಕಿಗೆ. ವಾರ್ಡ್ ಬಾಯ್ ಬಾಯಿಂದ ಬಂತು ನಿಜ: ರಕ್ತದ ಸ್ಯಾಂಪಲ್ ಟ್ಯೂಬಿನ ಮೇಲೆ ಪೇಷಂಟಿನ ಐಪಿ (ಅಡ್ಮಿಷನ್) ನಂಬರ್ ಇರಲಿಲ್ಲ, ಅಲ್ಲಿಂದ ವಾಪಸ್ ಕಳಿಸಿದ್ದರು. ಈಗ ಡ್ರಗ್ ಟ್ರಾಲಿಗೆ ಒಂದು ಜಿಪ್ ಕವರ್ ಅಂಟಿಸಿದೆ: ನೇರಳೆ ಮುಚ್ಚಳದ ಟ್ಯೂಬು, ಕೆಂಪು ಮುಚ್ಚಳದ್ದು, ಸಿರಿಂಜು, ರಕ್ತ ಕೇಳುವ ರಿಕ್ವಿಸಿಷನ್ ಫಾರಂ, ಮಾರ್ಕರ್. ಹೆಸರು ಮಾತ್ರ ಮೊದಲೇ ಬರೆದಿಡಬೇಡಿ. ರಕ್ತ ಎಳೆದ ಮೇಲೆ ಪೇಷಂಟ್ ಪಕ್ಕದಲ್ಲೇ ಬರೆಯಬೇಕು, ಇಲ್ಲದಿದ್ದರೆ ಅದಲುಬದಲಾಗುತ್ತದೆ. ಕವರಿಗೆ ಐವತ್ತು ರೂಪಾಯಿಯೂ ಆಗಲ್ಲ. ರಕ್ತ ಈಗ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಕೈಗೆ ಬರುತ್ತದೆ.

ಬೋರ್ಡು, ಸೆಕೆಂಡ್ ಮುಳ್ಳಿನ ಗಡಿಯಾರ ಸೇರಿ ಸಾವಿರದಿನ್ನೂರೋ ಏನೋ ಆಯಿತು. ನಿಜವಾದ ಖರ್ಚು ಅನಸ್ತೀಷಿಯಾದವರನ್ನು ನಿಲ್ಲಿಸಿಕೊಳ್ಳುವುದು: ಸಲಕ್ಕೆ ಐನೂರು. ಮ್ಯಾನೇಜ್‌ಮೆಂಟ್ ತಿಂಗಳುಗಟ್ಟಲೆ ಗೊಣಗಿತು, ಬ್ಲೀಡಿಂಗ್ ಕೇಸುಗಳನ್ನು ಮೈಸೂರಿಗೆ ಕಳಿಸುವುದು ಕಡಿಮೆಯಾದ ಮೇಲೆ ಸುಮ್ಮನಾಯಿತು.

ಬೋರ್ಡಿನ ಫೋಟೋ ಬೇಡ, ಮುಗಿದ ತಕ್ಷಣ ಒರೆಸಿ. ನೋಟ್‌ಬುಕ್ಕಿಗೆ ಹೋಗುವುದು ಒಂದೇ ಸಾಲು: ಏನು ಸರಿಮಾಡಬೇಕು, ಯಾರು, ಯಾವಾಗಿನೊಳಗೆ. ಎರಡು ಕೆಲಸ ಬರೆದರೆ ಎರಡೂ ಆಗಲ್ಲ. ಪೇಷಂಟಿನ ದಾಖಲೆಯಾದ ಕೇಸ್ ಶೀಟ್ ಬೇರೆಯೇ. ಅಲ್ಲಿ ನಡೆದದ್ದು ನಡೆದ ಹಾಗೇ ಇರಬೇಕು.

ಚೆನ್ನಾಗಿ ನಡೆದ ಕೇಸುಗಳಿಗೂ ಇದನ್ನೇ ಮಾಡಿ ನೋಡಿದ್ದಾಯಿತು, ಎರಡನೇ ವಾರಕ್ಕೆ ಎಲ್ಲರೂ ಮಾಯ. ಸಕ್ಷನ್ (ರಕ್ತ ಹೀರುವ ಮೆಷಿನ್) ಕೈಕೊಟ್ಟಂಥ ಸಣ್ಣ ತಕರಾರಿಗೆ 2008ರ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸರ್ಜರಿ ಚೆಕ್‌ಲಿಸ್ಟಿನ ಸೈನ್ ಔಟ್, ಅಂದರೆ ಪೇಷಂಟ್ ಓಟಿ ಬಿಡುವ ಮುಂಚೆ ಕೇಳುವ ಕೊನೆಯ ಪ್ರಶ್ನೆಗಳು, ಸಾಕು. ಅರೆಸ್ಟ್ (ಹೃದಯ ನಿಂತದ್ದು), ಏರ್‌ವೇ (ಉಸಿರಿನ ದಾರಿ) ಸಿಗದಿದ್ದದ್ದು, ರಕ್ತ ಒರೆಸುವ ಮಾಪ್ ಬಟ್ಟೆಗಳ ಲೆಕ್ಕ ತಪ್ಪಿದ್ದು, ಇಂಥವಕ್ಕೆ ಮಾತ್ರ ಸಿಂಕ್ ಪಕ್ಕ ಸೇರುವುದು. ಟೇಬಲ್ ಮೇಲೇ ಜೀವ ಹೋದರೆ ಆ ದಿನ ಬೋರ್ಡು ಮುಟ್ಟಬೇಡಿ: ಮೊದಲು ಮನೆಯವರ ಜೊತೆ ಮಾತು, ಟೀಮಿಗೆ ಕಾಫಿ, ಸಿಸ್ಟರ್‌ಗೆ ಮುಂದಿನ ಕೇಸಿನಿಂದ ಬಿಡುವು. ಬೋರ್ಡು ಮೂರ್ನಾಲ್ಕು ದಿನ ಬಿಟ್ಟು.