ಸಿಲ್ಕ್ ಪೇಪರ್ ಫೋಟೊ: ಸ್ಕ್ಯಾನಿನ ಜೇನುಗೂಡು ಗುರುತು ಹೋಗಿದ್ದು ಹೀಗೆ
ಸಿದ್ಧಗಂಗೆ ಜಾತ್ರೆಯಲ್ಲಿ ತೆಗೆಸಿದ ಹಳೇ ಫೋಟೊ, ಮೈಮೇಲೆ ಸಣ್ಣ ಉಬ್ಬುಗಳಿರುವ ಸಿಲ್ಕ್ ಪೇಪರಿನದು. ಸ್ಕ್ಯಾನ್ ಮಾಡಿದರೆ ಮುಖದ ತುಂಬ ಜೇನುಗೂಡಿನಂಥ ಬಿಳಿ ಚುಕ್ಕಿ.

ಚಿತ್ರವನ್ನು ಮಸುಕಾಗಿಸುವ ಗಾಸಿಯನ್ ಬ್ಲರ್ ಕೊಟ್ಟರೆ ಚುಕ್ಕಿಗಿಂತ ಮೊದಲು ಕಣ್ರೆಪ್ಪೆ ಅಳಿಸಿಹೋಯಿತು. ಚುಕ್ಕಿ ತೆಗೆಯುವ ಡಿಸ್ಪೆಕಲ್, ಕಲೆ ಮುಚ್ಚುವ ಹೀಲ್ ಟೂಲ್ ಎರಡೂ ದಂಡ.

ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬಿದ್ದು ಕಾಗದದ ಉಬ್ಬುಗಳಿಗೆ ನೆರಳು ಕಟ್ಟುತ್ತದೆ. ಆ ನೆರಳನ್ನು ನೆರಳಿನಿಂದಲೇ ತೆಗೆಯಬೇಕು. 600 ಡಿಪಿಐ, ಶಾರ್ಪನಿಂಗ್ ಮತ್ತು ಆಟೊ ಎಕ್ಸ್‌ಪೋಶರ್ ಆಫ್. ಒಂದು ಸ್ಕ್ಯಾನ್ ನೇರವಾಗಿ, ಇನ್ನೊಂದು ಫೋಟೊವನ್ನು ಗಾಜಿನ ಮೇಲೆ 180 ಡಿಗ್ರಿ ತಿರುಗಿಸಿಟ್ಟು; ಆಗ ನೆರಳು ಉಬ್ಬಿನ ಎದುರು ಬದಿಗೆ ಬೀಳುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಎರಡನೆಯದನ್ನು ಮತ್ತೆ 180 ಡಿಗ್ರಿ ತಿರುಗಿಸಿ ಮೊದಲನೆಯದರ ಮೇಲೆ ಲೇಯರ್ ಆಗಿ ಹಾಕಿ. ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್‌ಗೆ ಲೇಯರ್ ಮೋಡ್ ಬದಲಿಸಿ, ಮೂವ್ ಟೂಲ್ ಹಿಡಿದು, ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸಿ. ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪಾದರೆ ಕೂಡಿದಂತೆ. ಇಲ್ಲಿ ಅವಸರಪಟ್ಟರೆ ಕಣ್ಣು ಜೋಡಿಯಾಗಿ ಕಾಣುತ್ತದೆ. ಆಮೇಲೆ ಮೋಡ್ ನಾರ್ಮಲ್, ಒಪಾಸಿಟಿ 50, ಮರ್ಜ್ ಡೌನ್. ಎದುರುಬದುರಿನ ನೆರಳುಗಳು ಒಂದನ್ನೊಂದು ಅಳಿಸುತ್ತವೆ. ಬಿರುಕು, ಕಲೆಗಳ ಹೀಲಿಂಗ್ ಇದಾದ ಮೇಲೆಯೇ.