ನಿಮ್ಮ ಎಡಿಟರ್ ಸ್ಕ್ರಿಪ್ಟಿಗೂ ಟ್ಯಾಬ್ ಕಲಿಸಿ

ಟಿಪ್ಪಣಿ ತೆರೆಯಲು ಸ್ವಂತ ಸ್ಕ್ರಿಪ್ಟ್ ಬರೆದುಕೊಂಡವರಿಗೆ ಒಂದು ಸಲಹೆ. ಅರ್ಧ ಹೆಸರು ಬರೆದು ಟ್ಯಾಬ್ ಒತ್ತಿದರೆ, ಅದನ್ನು ಪೂರ್ತಿ ಮಾಡಲು ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ನಡೆಸುವ ಪ್ರೋಗ್ರಾಂ) ಸುಮ್ನೆ ಈಗಿರುವ ಫೋಲ್ಡರಿನಲ್ಲಷ್ಟೇ ಹುಡುಕುತ್ತದೆ. ಟಿಪ್ಪಣಿಗಳು ಬೇರೆ ಕಡೆ ಇದ್ದರೆ ಹೆಸರು ಪೂರ್ತಿ ಟೈಪ್ ಮಾಡಬೇಕು, ಅಲ್ವಾ?

ಬ್ಯಾಶ್‌ಆರ್‌ಸಿ ಫೈಲಿನಲ್ಲಿ (.bashrc, ಬ್ಯಾಶ್ ತೆರೆದಾಗ ಓದುವ ಫೈಲ್) ಒಂದು ಫಂಕ್ಷನ್ ಬರೆಯಿರಿ. ಅದರಲ್ಲಿ, ಹೊಂದುವ ಹೆಸರುಗಳನ್ನು ಆರಿಸುವ ಕಂಪ್‌ಜೆನ್ (compgen) ಕಮಾಂಡಿಗೆ ಟಿಪ್ಪಣಿಗಳ ಹೆಸರಿನ ಪಟ್ಟಿಯನ್ನೂ ಟೈಪ್ ಆದಷ್ಟು ಅಕ್ಷರಗಳನ್ನೂ ಕೊಡಿ. ಸಿಕ್ಕಿದ್ದನ್ನು ಕಂಪ್‌ರಿಪ್ಲೈ (COMPREPLY) ಎಂಬ ಪಟ್ಟಿಗೆ ತುಂಬಿಸಿ; ಬ್ಯಾಶ್ ತೋರಿಸುವ ಹೆಸರುಗಳು ಅಲ್ಲಿಂದಲೇ ಬರುತ್ತವೆ. ಆಮೇಲೆ ಕಂಪ್ಲೀಟ್ (complete) ಕಮಾಂಡಿನಿಂದ ಆ ಫಂಕ್ಷನನ್ನು ಸ್ಕ್ರಿಪ್ಟಿನ ಹೆಸರಿಗೆ ಜೋಡಿಸಿ. ಅಷ್ಟೇ.

ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ. ಇದು ನನಗೆ ತುಂಬ ಖುಷಿ ಕೊಟ್ಟ ಸಂಗತಿ. ನಮ್ಮ ಕಾಸರಗೋಡಿನ ಪಂಚಾಯತ್‌ಗಳನ್ನೇ ತೆಗೆದುಕೊಳ್ಳಿ: ಕುಂಬಳೆ, ಕುಂಬ್ಡಾಜೆ. ‘ಕು’ ಬರೆದು ಟ್ಯಾಬ್ ಒತ್ತಿದರೆ ‘ಕುಂಬ’ ತನಕ ತಾನೇ ಬರುತ್ತದೆ. ಮತ್ತೆ ಎರಡು ಸಲ ಒತ್ತಿದರೆ ಎರಡೂ ಹೆಸರು ಕೆಳಗೆ ಕಾಣುತ್ತವೆ.

ಫೈಲಿನ ಹೆಸರಿನಲ್ಲಿ ಸ್ಪೇಸ್ ಮಾತ್ರ ಬೇಡ, ಒಂದೇ ಹೆಸರು ಎರಡು ತುಂಡಾಗುತ್ತದೆ. ಅಂಡರ್‌ಸ್ಕೋರ್ ಹಾಕಿ.