ಡಿವೈಸ್ ಟ್ರೀ ನೋಡ್‌ಗಳಿಗೆ ನಾನು ಹೆಸರಿಡುವ ಬಗೆ

ಲಿನಕ್ಸ್ ಕರ್ನಲ್‌ಗೆ ಡಿವೈಸ್ ಟ್ರೀ (ಬೋರ್ಡ್‌ನಲ್ಲಿರುವ ಹಾರ್ಡ್‌ವೇರ್‌ನ ವಿವರಣೆ) ಬರೆಯುವಾಗ ನಾನು ನೋಡ್‌ಗೆ (ಅದರಲ್ಲಿ ಒಂದೊಂದು ಸಾಧನದ ನಮೂದು) ಇಡುವುದು ಕೆಲಸದ ಹೆಸರು, ಚಿಪ್‌ನ ಹೆಸರಲ್ಲ. ಮಾಡೆಲ್ ಹೇಳಲು ಕಂಪ್ಯಾಟಿಬಲ್ ಪ್ರಾಪರ್ಟಿ ಇದ್ದೇ ಇದೆ. ಯುಎಆರ್‌ಟಿ (ಸೀರಿಯಲ್ ಪೋರ್ಟ್ ನಡೆಸುವ ಸರ್ಕ್ಯೂಟ್) ಯಾವ ಕಂಪನಿಯದಾದರೂ ‘ಸೀರಿಯಲ್’, ವಿದ್ಯುತ್ ಹೋದರೂ ಡೇಟಾ ಉಳಿಸುವ ಸಣ್ಣ ಮೆಮೊರಿ ಚಿಪ್ ‘ಈಪ್ರಾಮ್’. ಸ್ಕೀಮ್ಯಾಟಿಕ್‌ನಲ್ಲಿರುವ (ಸರ್ಕ್ಯೂಟ್ ನಕ್ಷೆಯ) ಹೆಸರು ಬೇಕೇ ಬೇಕೆಂದರೆ ಅದು ಲೇಬಲ್‌ಗೆ (ನೋಡನ್ನು ಬೇರೆಡೆಯಿಂದ ಉಲ್ಲೇಖಿಸುವ ಅಡ್ಡಹೆಸರು) ಹೋಗುತ್ತದೆ. ನೋಡ್ ಹೆಸರಿನಲ್ಲಿ ಸಣ್ಣಕ್ಷರ, ಅಂಕಿ, ಹೈಫನ್ ಮಾತ್ರ. ಪೂರ್ತಿ ರೂಪ ‘ಹೆಸರು@ವಿಳಾಸ’; @ ಗುರುತಿಗೆ ಮೊದಲಿನ ಭಾಗ 31 ಅಕ್ಷರ ದಾಟಬಾರದು. ಲೇಬಲ್‌ನಲ್ಲಿ ಹೈಫನ್ ನಡೆಯುವುದಿಲ್ಲ, ಅಲ್ಲಿ ಅಂಡರ್‌ಸ್ಕೋರ್.

@ ಆದಮೇಲಿನ ವಿಳಾಸ, ಸಾಧನ ಎಲ್ಲಿದೆಯೆಂದು ಹೇಳುವ ‘ರೆಗ್’ ಪ್ರಾಪರ್ಟಿಯ ಮೊದಲ ವಿಳಾಸವೇ ಆಗಿರಬೇಕು. ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಪದ್ಧತಿ) ಬರೆಯಬೇಕು, ಆದರೆ ಮುಂದೆ 0ಎಕ್ಸ್ ಆಗಲಿ ಹೆಚ್ಚುವರಿ ಸೊನ್ನೆಗಳಾಗಲಿ ಬೇಡ. ರೆಗ್ ಇಲ್ಲದ ನೋಡ್‌ಗೆ @ ಕೂಡ ಇಲ್ಲ. ಹೆಚ್ಚು ಎಡವುವುದು ಐ2ಸಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಬಸ್) ಸಾಧನಗಳಲ್ಲಿ. ಕೆಲವು ಡೇಟಾಶೀಟ್‌ಗಳು ರೀಡ್–ರೈಟ್ ಬಿಟ್ ಸೇರಿಸಿ ಎಂಟು ಬಿಟ್ ವಿಳಾಸ ಕೊಡುತ್ತವೆ. ರೈಟ್ ವಿಳಾಸ ಎ0 ಎಂದಿದ್ದರೆ ಒಂದು ಬಿಟ್ ಬಲಕ್ಕೆ ಸರಿಸಿ 50 ಎಂದು ತೆಗೆದುಕೊಳ್ಳಬೇಕು. ಅದನ್ನೇ ರೆಗ್‌ನಲ್ಲಿ ದಶಮಾಂಶವಾಗಿ 80 ಎಂದು ಬರೆದರೂ ನೋಡ್ ಹೆಸರು ಈಪ್ರಾಮ್@50. @80 ಎಂದರೆ ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಎಚ್ಚರಿಸುತ್ತದೆ. ಇಂಥ ಎಚ್ಚರಿಕೆಗಳಲ್ಲಿ ಕೆಲವು ಸಾಮಾನ್ಯ ಬಿಲ್ಡ್‌ನಲ್ಲಿ ಕಾಣುವುದಿಲ್ಲ, ಹಾಗಾಗಿ ಹೆಚ್ಚಿನ ಎಚ್ಚರಿಕೆ ತೋರಿಸುವ ಡಬ್ಲ್ಯೂ=1 ಹಾಕಿಯೇ ಕಂಪೈಲ್ ಮಾಡುತ್ತೇನೆ; ಆಮೇಲೆ ಟ್ರೀಯನ್ನು ಸ್ಕೀಮಾಗಳಿಗೆ (ನೋಡ್ ಹೇಗಿರಬೇಕೆಂಬ ನಿಯಮಗಳು) ಹೋಲಿಸುವ ಡಿಟಿಬಿಎಸ್_ಚೆಕ್. ಹಲವು ಸ್ಕೀಮಾಗಳು ನೋಡ್ ಹೆಸರಿನ ಮಾದರಿಯನ್ನೂ ಪರೀಕ್ಷಿಸುತ್ತವೆ.

ಬೋರ್ಡ್ ಫೈಲ್‌ನಲ್ಲಿ ಎಸ್‌ಒಸಿಯ (ಬೋರ್ಡ್‌ನ ಮುಖ್ಯ ಚಿಪ್) ನೋಡ್ ಬದಲಿಸಬೇಕಾದರೆ ಲೇಬಲ್ ಮೂಲಕವೇ ಬದಲಿಸಿ. ಪೂರ್ತಿ ಪಾತ್ ಬರೆದು ಹೆಸರಲ್ಲಿ ಒಂದಕ್ಷರ ತಪ್ಪಿದರೆ ಡಿಟಿಸಿ ಎರರ್ ಕೊಡದೆ ಅಲ್ಲೊಂದು ಹೊಸ ನೋಡ್ ಸೃಷ್ಟಿಸುತ್ತದೆ; ‘ಸ್ಟೇಟಸ್ = ಓಕೆ’ ಅದಕ್ಕೆ ಅಂಟಿಕೊಳ್ಳುತ್ತದೆ, ನಿಜವಾದ ಸಾಧನ ಡಿಸೇಬಲ್ ಆಗಿಯೇ ಉಳಿಯುತ್ತದೆ. ಲೇಬಲ್ ತಪ್ಪಿದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ.

ಹಳೆಯ ಹೆಸರನ್ನು ಸರಿಪಡಿಸುವುದು ಬೇರೆಯೇ ಕೆಲಸ. ರೆಗ್ ಇರುವ ಪ್ಲಾಟ್‌ಫಾರ್ಮ್ ಸಾಧನಕ್ಕೆ ಕರ್ನಲ್ ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಹೆಸರು ಕಟ್ಟುವುದು ಸಿಪಿಯು ಕಾಣುವ ವಿಳಾಸ ಮತ್ತು ನೋಡ್ ಹೆಸರನ್ನು ಜೋಡಿಸಿ. ಎಎಂ335ಎಕ್ಸ್ ಎಸ್‌ಒಸಿಯಲ್ಲಿ ಒಂದು ಯುಎಆರ್‌ಟಿ ಟ್ರೀಯೊಳಗೆ ಸೀರಿಯಲ್@0 ಅಷ್ಟೆ, ಸಿಸ್‌ಎಫ್‌ಎಸ್‌ನಲ್ಲಿ 48022000.ಸೀರಿಯಲ್; ನಡುವಿನ ನೋಡ್‌ಗಳ ‘ರೇಂಜಸ್’ ಪ್ರಾಪರ್ಟಿ ವಿಳಾಸವನ್ನು ಬದಲಾಯಿಸಿರುತ್ತದೆ. ಆ @0 ತಪ್ಪಲ್ಲ, ಅದನ್ನು ತಿದ್ದಲು ಹೋಗಬೇಡಿ. ಆದರೆ ‘ಯುಎಆರ್‌ಟಿ’ ಎಂದಿದ್ದ ನೋಡನ್ನು ‘ಸೀರಿಯಲ್’ ಮಾಡಿದಾಗ ಈ ಪಾತ್ ಬದಲಾಗಿ, ಅದನ್ನು ನಂಬಿದ ಯುಡೆವ್ (ಸಾಧನಗಳ ಹೆಸರು, ಅನುಮತಿ ನೋಡಿಕೊಳ್ಳುವ ಲಿನಕ್ಸ್ ಸೇವೆ) ನಿಯಮ ಕೆಲಸ ಮಾಡುವುದಿಲ್ಲ. ಬೂಟ್‌ಲೋಡರ್ ಪಾತ್ ಹಿಡಿದು ನೋಡ್ ಹುಡುಕುತ್ತಿದ್ದರೂ ಅದೇ ಗತಿ. ‘ಎಂಡಿಐಒ’, ‘ಪೋರ್ಟ್ಸ್’ನಂಥ ಒಳ ನೋಡ್‌ಗಳನ್ನು ಕೆಲವು ಡ್ರೈವರ್‌ಗಳು ಹೆಸರಿನಿಂದಲೇ ಹುಡುಕುತ್ತವೆ, ಇವನ್ನು ಮುಟ್ಟುವ ಮೊದಲು ಡ್ರೈವರ್ ಕೋಡ್‌ನಲ್ಲಿ ಆ ಹೆಸರನ್ನು ಗ್ರೆಪ್ ಮಾಡಿ (ಹುಡುಕಿ).

ಹೆಸರು ಬದಲಿಸುವ ಪ್ಯಾಚ್‌ನಲ್ಲಿ ಬೇರೇನೂ ಸೇರಿಸುವುದಿಲ್ಲ. ಹಳೆಯ, ಹೊಸ ಡಿಟಿಬಿ (ಕಂಪೈಲ್ ಆದ ಟ್ರೀ) ಎರಡನ್ನೂ ಡಿಟಿಸಿಯಿಂದ ಸಾರ್ಟ್ ಮಾಡಿಸಿ ಡಿಫ್ ನೋಡುತ್ತೇನೆ. ಹೆಸರು, ಅದನ್ನು ಉಲ್ಲೇಖಿಸುವ ಪಾತ್ ಬಿಟ್ಟು ಇನ್ನೇನಾದರೂ ಬದಲಾಗಿದ್ದರೆ ಪ್ಯಾಚ್ ಕಳುಹಿಸುವುದಿಲ್ಲ.